"ನಾನು" ಅಂತ ಬರೆಯೋಕೆ ಒಂದು ವರ್ಷ ಹಿಡೀತು

ಲಂಡನ್ನಲ್ಲಿ ಟ್ರೈನಿಂಗ್ ಕಾಂಟ್ರಾಕ್ಟ್‌ಗೆ ಅಪ್ಲೈ ಮಾಡ್ತಿರೋ ಜೂನಿಯರ್ಸ್ ಇಬ್ರು ಈ ವಾರ ಕವರ್ ಲೆಟರ್ ಕಳ್ಸಿದ್ರು, ಓದ್ತಾ ಓದ್ತಾ ನನ್ನ ಮೊದಲನೇ ವರ್ಷದ ಲೆಟರ್ರೇ ಕಣ್ಮುಂದೆ ಬಂತು. ಅದೇ "ಪ್ರತಿಷ್ಠಿತ ಸಂಸ್ಥೆ", ಅದೇ "ಅಂತಾರಾಷ್ಟ್ರೀಯ ಮಟ್ಟದ ಕೆಲಸ" ಅನ್ನೋ ಮಾತುಗಳು.

ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ ಸಾಲಿಸಿಟರ್ (ಒಂದು ಬಗೆಯ ವಕೀಲ) ಆಗೋ ಮುಂಚೆ ವಕೀಲರ ಫರ್ಮಲ್ಲಿ 2 ವರ್ಷ ಕಲೀತಾ ಕೆಲಸ ಮಾಡೋದೇ ಟ್ರೈನಿಂಗ್ ಕಾಂಟ್ರಾಕ್ಟ್, ಸಾಮಾನ್ಯವಾಗಿ 6 ತಿಂಗಳಿಗೊಂದು ಸೀಟ್ ಅಂತ 4 ಡಿಪಾರ್ಟ್‌ಮೆಂಟ್. 2021ರಲ್ಲಿ ಸಾಲಿಸಿಟರ್ ಆಗೋಕೆ ಬರೆಯೋ ಎಸ್‌ಕ್ಯೂಇ ಪರೀಕ್ಷೆ ಬಂದ್ಮೇಲೆ ಬೇರೆ ದಾರಿನೂ ಇದೆ, ಆದ್ರೆ ದೊಡ್ಡ ಫರ್ಮ್‌ಗಳು ಪರೀಕ್ಷೆ ಫೀಸೂ ಕಟ್ಟಿ ಓದಿಸ್ತವೆ, ಅದಕ್ಕೇ ಎಲ್ರೂ ಇದರ ಹಿಂದೆ ಬೀಳೋದು. ನಮ್ಮಂಥೋರು ವೀಸಾ ಸ್ಪಾನ್ಸರ್ ಮಾಡ್ತಾರಾ ಅಂತ ಮೊದ್ಲೇ ನೋಡ್ಕೋಬೇಕು, ಬಂದ ಬಂದ ಹಾಗೆ ಅಪ್ಲಿಕೇಷನ್ ಓದೋ ಫರ್ಮ್‌ಗಳಿಗೆ ಕೊನೇ ದಿನದವರೆಗೂ ಕಾಯ್ಬಾರ್ದು.

ಮೊದಲನೇ ವರ್ಷ ನಂಗೆ ಎಲ್ಲಾ ಕಡೆಯಿಂದಲೂ ರಿಜೆಕ್ಷನ್. ಆಮೇಲೆ ರೂಮ್‌ಮೇಟ್ ಒಂದ್ ದಿನ ಲೆಟರ್ ಪ್ರಿಂಟ್ ತಗೊಂಡು ಫರ್ಮಿನ ಹೆಸರಿನ ಮೇಲೆ ಹೆಬ್ಬೆರಳಿಟ್ಟು, "ಇದು ಯಾವ ಫರ್ಮಿಗೆ ಬರ್ದಿದ್ದು ಹೇಳೇ" ಅಂದ್ಲು. ಹೇಳೋಕಾಗ್ಲಿಲ್ಲ. ಆಮೇಲೆ ಇಂಟರ್ನ್‌ಶಿಪ್ ಪ್ಯಾರಾ ತೋರಿಸಿ, "ಇದ್ರಲ್ಲಿ ನೀನೆಲ್ಲಿದೀಯಾ?" ಅಂದ್ಲು. ನೋಡಿದ್ರೆ ಪೂರ್ತಿ "ನಾವು". ನಾವು ಆಸ್ತಿ ದಾಖಲೆ ಪರಿಶೀಲಿಸಿದೆವು, ನಾವು ವರದಿ ಕೊಟ್ಟೆವು.

ಇದು ನಮ್ಮಲ್ಲಿ ತುಂಬಾ ಜನಕ್ಕಿರೋ ತೊಂದ್ರೆ ಅನ್ಸುತ್ತೆ. ನಾನೇ ಮಾಡ್ದೆ ಅಂದ್ರೆ ಜಂಬ ಅಂದ್ಕೊಂಡು ಬೆಳೆದಿದೀವಿ, ಸೀನಿಯರ್ ಮುಂದೆ ಅಂತೂ ಬಾಯೇ ಬರಲ್ಲ. ಆದ್ರೆ ಓದೋರಿಗೆ ಆಫೀಸ್ ಏನ್ ಮಾಡ್ತು ಅನ್ನೋದು ಬೇಕಿಲ್ಲ, ನೀವೇನ್ ಮಾಡಿದ್ರಿ ಅನ್ನೋದು ಬೇಕು.

ನಡೆದಿದ್ದು ಇಷ್ಟು. ಮೈಸೂರಲ್ಲಿ ನಾನು ಇಂಟರ್ನ್ ಆಗಿದ್ದ ವಕೀಲರ ಆಫೀಸಿಗೆ ಜಮೀನು ಕೊಳ್ಳೋ ಪಾರ್ಟಿ ಒಬ್ರು ಬಂದಿದ್ರು, ಪಹಣಿ ಮಾರೋರ ಹೆಸರಲ್ಲೇ ಇತ್ತು, ಇಸಿನೂ (ಋಣಭಾರ ಪತ್ರ) ಕ್ಲೀನ್. ಮಾರೋರ ಅಪ್ಪ ತೀರ್ಕೊಂಡ್ಮೇಲೆ ಪೌತಿ ಖಾತೆ ದೊಡ್ಡ ಮಗನ ಹೆಸರಿಗೆ ಮಾತ್ರ ಆಗಿತ್ತು, ನಂಗೆ ಅದ್ಯಾಕೋ ಸರಿ ಕಾಣ್ಲಿಲ್ಲ, ನಾಡಕಚೇರಿಯ ವಂಶವೃಕ್ಷ ತರಿಸಿ ಅಂತ ಕೇಳ್ದೆ. ಅದ್ರಲ್ಲಿ ಕೊನೇಲಿ ಒಬ್ಳು ತಂಗಿ. ಪಿತ್ರಾರ್ಜಿತ ಆಸ್ತಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಮಗಳಿಗೂ ಮಗನಷ್ಟೇ ಹಕ್ಕು, ಅಗ್ರಿಮೆಂಟಲ್ಲಿ ಆಕೆ ಸೈನೇ ಇಲ್ಲ. ಕೊನೆಗೆ ಆಯಮ್ಮನೂ ಬಂದು ಪಾಲಿನ ದುಡ್ಡು ತಗೊಂಡು ಸೈನ್ ಹಾಕಿದ್ಮೇಲೇ ರಿಜಿಸ್ಟ್ರೇಷನ್ ಆಗಿದ್ದು.

ಇದನ್ನ "ಆಸ್ತಿ ದಾಖಲೆ ಪರಿಶೀಲನೆ" ಅಂತ ಮೂರು ಪದದಲ್ಲಿ ಮುಗಿಸಿದ್ದೆ ನೋಡಿ!

ಎರಡನೇ ವರ್ಷ ಲೆಟರಲ್ಲಿ ಅದನ್ನೇ ಐದು ಸಾಲು ಬರ್ದೆ, ಪ್ರತಿ ಸಾಲಲ್ಲೂ "ನಾನು". ಯಾಕೆ ಈ ಫರ್ಮ್ ಅನ್ನೋದಕ್ಕೂ ಉತ್ತರ ಅಲ್ಲೇ ಸಿಕ್ತು. ನಮ್ಮಲ್ಲಿ ಪಹಣಿ ಕಂದಾಯದ ದಾಖಲೆ ಅಷ್ಟೇ, ಅದ್ರಲ್ಲಿ ಹೆಸರಿದೆ ಅಂದ್ಮಾತ್ರಕ್ಕೆ ಮಾಲೀಕತ್ವ ಗ್ಯಾರಂಟಿ ಅಲ್ಲ. ಇಲ್ಲಿ ಇಂಗ್ಲೆಂಡಲ್ಲಿ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ರಿಜಿಸ್ಟರ್ ಆದ ಹಕ್ಕಿಗೆ ಸರ್ಕಾರದ್ದೇ ಖಾತ್ರಿ. ಈ ಎರಡು ಪದ್ಧತಿ ಮಧ್ಯೆ ಇರೋ ವ್ಯತ್ಯಾಸ ನಂಗೆ ನಿಜವಾಗ್ಲೂ ತಲೆಗೆ ಹತ್ತಿತ್ತು, ನಾನು ಅಪ್ಲೈ ಮಾಡ್ತಿದ್ದ ಫರ್ಮಿಂದು ರಿಯಲ್ ಎಸ್ಟೇಟ್ ಟೀಮ್ ದೊಡ್ಡದು, ಹೊರದೇಶದ ಇನ್ವೆಸ್ಟರ್‌ಗಳಿಗೆ ಇಲ್ಲಿ ಆಸ್ತಿ ಕೊಡಿಸೋ ಕೆಲಸ ಜಾಸ್ತಿ, ಅದನ್ನೇ ಬರ್ದೆ. ಪ್ರತಿಷ್ಠಿತ ಅನ್ನೋ ಪದ ತೆಗೆದ್ಹಾಕ್ದೆ. ಒಂದೇ ಪುಟ.

ಇಂಟರ್ವ್ಯೂಲಿ ಪಾರ್ಟ್ನರ್ ಮೊದಲು ಕೇಳಿದ್ದೇ "ಆ ತಂಗಿ ವಿಷ್ಯ ನಿಂಗೆ ಹೇಗೆ ಹೊಳೀತು?" ಅಂತ. ಪೇಪರ್ ಇಸ್ಕೊಂಡು ಅಲ್ಲೇ ವಂಶವೃಕ್ಷ ಬರೆದು ತೋರಿಸ್ದೆ, ಅರ್ಧ ಟೈಮ್ ಅದ್ರಲ್ಲೇ ಹೋಯ್ತು.

ಆಫರ್ ಬಂದ ದಿನ ಮೈಸೂರಿನ ಆ ವಕೀಲರಿಗೆ ಫೋನ್ ಮಾಡಿ "ಸರ್, ನಮ್ಮಾಫೀಸಿನ ಆ ಜಮೀನ್ ಕೇಸ್ ಬಗ್ಗೆ ಬರ್ದಿದ್ದೆ" ಅಂದೆ. "ಯಾವ್ದಮ್ಮಾ, ನೀನು ತಂಗೀನ ಹುಡುಕಿದ್ಯಲ್ಲ, ಅದಾ?" ಅಂದ್ರು.