ಹಾಡಿನ ಸ್ಪರ್ಧೆಯಲ್ಲಿ ತಮಾಷೆಯವರಿಗೆ ಜಾಗ ಇರಬೇಕಾ?

ಹಾಸನದ ಕುವೆಂಪುನಗರದಲ್ಲಿ ಮನೆಯಲ್ಲೇ ಸುಗಮ ಸಂಗೀತದ ಕ್ಲಾಸ್ ನಡೆಸುತ್ತೇನೆ. ಶನಿವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ನಿಂತು ಮಾತಿಗಿಳಿಯುತ್ತಾರೆ. ಟೀವಿಯಲ್ಲಿ ಹೊಸ ಸೀಸನ್ ಶುರುವಾದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ. "ಮಿಸ್, ಅಷ್ಟು ಚೆನ್ನಾಗಿ ಹಾಡೋ ಮಕ್ಕಳು ಇರುವಾಗ ಆ ವೇಷ ಹಾಕ್ಕೊಂಡು ಕುಣಿಯೋರನ್ನ, ಬೇಕಂತಲೇ ಕೆಟ್ಟದಾಗಿ ಹಾಡೋರನ್ನ ಯಾಕೆ ಕರೆಸ್ತಾರೆ? ಅದೆಲ್ಲ ಮೊದಲೇ ಹೇಳಿಕೊಟ್ಟು ಮಾಡಿಸೋದು ಅಲ್ವಾ? ಸ್ಪರ್ಧೆ ಅಂದಮೇಲೆ ಅವರಿಗೆ ಅಲ್ಲಿ ಏನು ಕೆಲಸ?"

ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಮುಗಿಸೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಜಾಗ ಇರಬೇಕು ಅಂತಲೇ ನಾನು ಹೇಳೋದು. ಆದರೆ ವೇಷ ಹಾಕಿದವನಿಗೆ ತಾನು ವೇಷ ಹಾಕಿದ್ದೇನೆ ಅಂತ ಗೊತ್ತಿರಬೇಕು. ನೋಡುವವರಿಗೂ ಅದು ವೇಷ ಅಂತ ಗೊತ್ತಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ನನಗೆ ಆ ಕಾರ್ಯಕ್ರಮ ಕೂತು ನೋಡೋಕೆ ಆಗಲ್ಲ.

ಮೊದಲು ಗೊತ್ತಿದ್ದು ಮಾಡುವವರ ಮಾತು ಹೇಳುತ್ತೇನೆ.

ಹೊಳೆನರಸೀಪುರದ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಆಗಾಗ ಬರುತ್ತಾನೆ. ಹಗಲು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ ಬಂದರೆ ರಾತ್ರಿ ರಸಮಂಜರಿ ಕಾರ್ಯಕ್ರಮ. ಅವನ ಐಟಂ ಏನಂದರೆ, ಹೊಸದಾಗಿ ಮದುವೆಯಾದ ಅಳಿಯ ಮಾವನ ಮನೆಯಲ್ಲಿ ಎಲ್ಲರ ಒತ್ತಾಯಕ್ಕೆ ಒಂದು ಭಾವಗೀತೆ ಹಾಡುತ್ತಾನೆ. ಹಾಡು ಚೆನ್ನಾಗಿಯೇ ಶುರುವಾಗುತ್ತೆ. ಆಮೇಲೆ ಶ್ರುತಿ ಜಾರುತ್ತಾ ಹೋಗುತ್ತೆ. ಮಾವನ ಮುಖ ನೋಡಿ ನೋಡಿ ಇನ್ನೂ ಜಾರುತ್ತೆ.

ಒಂದು ಭಾನುವಾರ ಬಂದವನು "ಅಕ್ಕ, ಒಂದು ಸಾಲು ಕೂರ್ತಾ ಇಲ್ಲ, ಸ್ವಲ್ಪ ಕೇಳಿ" ಅಂದ. ಫೋನಿನಲ್ಲಿ ಶ್ರುತಿ ಹಾಕಿದೆವು. ಪಲ್ಲವಿಯನ್ನು ಒಂದು ಸಲ ಅಚ್ಚುಕಟ್ಟಾಗಿ ಹಾಡಿದ. ಎರಡನೇ ಸಲ ಎತ್ತಿಕೊಂಡಾಗ ಒಂದು ಜಾಗದಲ್ಲಿ ಗಾಂಧಾರ, ಅಂದರೆ ಸರಿಗಮದ ಗ, ಅರ್ಧ ಸ್ವರ ಕೆಳಗೆ ಬೀಳಬೇಕು. ಸರಿಯಾಗಿ ಅರ್ಧವೇ ಬೀಳಬೇಕು. "ಪೂರ್ತಿ ಬಿಟ್ರೆ ಜನಕ್ಕೆ ಕಿವಿ ನೋವು ಬರುತ್ತೆ ಅಕ್ಕ, ನಗು ಬರಲ್ಲ. ಕಮ್ಮಿ ಬಿಟ್ರೆ ಗೊತ್ತೇ ಆಗಲ್ಲ" ಅಂದ. ತಾಳ ಮಾತ್ರ ಎಲ್ಲೂ ಅಲುಗಾಡಬಾರದು. ಅಲುಗಾಡಿದರೆ ತಬಲಾದವರು ಹಿಡಿಯೋಕೆ ಹೋಗಿ ಎಲ್ಲ ಕೆಟ್ಟುಹೋಗುತ್ತೆ. ಆ ಒಂದು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ವರಾಂಡದಲ್ಲಿ ಕೂತಿದ್ದ ನನ್ನ ಹತ್ತು ವರ್ಷದ ಶಿಷ್ಯೆ ಕಿಸಕ್ಕನೆ ನಕ್ಕು, "ಮಿಸ್, ಅಂಕಲ್ ದೊಡ್ಡ ಗ ಬಿಟ್ಟು ಚಿಕ್ಕ ಗ ಹಾಡಿದ್ರು" ಅಂದಳು. ಅವಳ ಕಿವಿ ಆ ಸ್ವರಕ್ಕೆ ಕಾಯುತ್ತಿತ್ತು, ಅದು ಬರಲಿಲ್ಲ, ಅದಕ್ಕೇ ನಗು. ಅವನ ಮುಖ ಅರಳಿತು.

ಬೇಕಂತಲೇ ಕೆಟ್ಟದಾಗಿ ಹಾಡೋದು ಪ್ರತಿಭೆಯೇ ಅಂತ ಕೇಳುವವರಿಗೆ ನಾನು ಈ ಮುಕ್ಕಾಲು ಗಂಟೆಯ ಕಥೆ ಹೇಳುತ್ತೇನೆ. ಶ್ರುತಿ ಎಲ್ಲಿದೆ ಅಂತ ಗೊತ್ತಿಲ್ಲದವನಿಗೆ ಶ್ರುತಿ ಬಿಡೋಕೆ ಬರಲ್ಲ.

ನಮ್ಮಲ್ಲಿ ಇದು ಹೊಸದೂ ಅಲ್ಲ. ರಸಮಂಜರಿಯಲ್ಲಿ ನಾಲ್ಕು ಹಾಡಾದ ಮೇಲೆ ಜೂನಿಯರ್ ರಾಜ್‌ಕುಮಾರ್ ಬರಬೇಕು, ಜೂನಿಯರ್ ವಿಷ್ಣುವರ್ಧನ್ ಬರಬೇಕು, ಆಮೇಲೆ ಶಂಕರ್‌ನಾಗ್. ಗಾಯಕರು ನೀರು ಕುಡಿಯೋಕೆ ಅಷ್ಟೇ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ, ಆ ಹೆಜ್ಜೆ, ಆ ಕತ್ತಿನ ತಿರುವು ನೋಡೋಕೆ ಅಂತಲೇ ಜನ ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಯಕ್ಷಗಾನದಲ್ಲಿ ಹಾಸ್ಯಗಾರ ಇಲ್ಲದ ಮೇಳ ಉಂಟಾ? ಗುಬ್ಬಿ ವೀರಣ್ಣನವರು ಕಂಪನಿ ನಡೆಸಿದ ದೊಡ್ಡ ಮನುಷ್ಯರು, ಹೌದು. ಜನ ಅವರನ್ನು ಮೊದಲು ಪ್ರೀತಿಸಿದ್ದು ಹಾಸ್ಯನಟ ಅಂತ. ಅವರ ಕುರುಕ್ಷೇತ್ರ ನಾಟಕದಲ್ಲಿ ಸ್ಟೇಜಿನ ಮೇಲೆ ನಿಜವಾದ ಆನೆ ಬರುತ್ತಿತ್ತು. ಆನೆ ನೋಡೋಕೆ ಬಂದವರು ನಾಟಕವನ್ನೂ ನೋಡಿಕೊಂಡು ಹೋದರು.

ಬೇಲೂರು ನಮಗೆ ಮುಕ್ಕಾಲು ಗಂಟೆ ದಾರಿ. ಮನೆಗೆ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಮದನಿಕೆಯರಲ್ಲಿ ಒಬ್ಬಳ ಸೀರೆಯನ್ನು ಕೋತಿ ಹಿಡಿದು ಎಳೆಯುತ್ತಿದೆ. ಮಕ್ಕಳು ದರ್ಪಣ ಸುಂದರಿಯನ್ನು ದಾಟಿ ಮುಂದೆ ಹೋಗುತ್ತಾರೆ, ಈ ಕೋತಿಯ ಕೆಳಗೆ ಮಾತ್ರ ನಿಂತುಬಿಡುತ್ತಾರೆ. 1117ರ ದೇವಸ್ಥಾನ ಅದು. ಅಷ್ಟು ಗಂಭೀರವಾದ ಜಾಗದಲ್ಲಿ ಶಿಲ್ಪಿ ಕೋತಿಗೂ ಜಾಗ ಕೊಟ್ಟಿದ್ದಾನೆ. ಹಾಗಂತ ಕೋತಿಯನ್ನು ಅರ್ಧಂಬರ್ಧ ಕೆತ್ತಿಲ್ಲ.

ಈಗ ಇನ್ನೊಂದು ಕಡೆ. ಇದನ್ನು ಬರೆಯೋಕೆ ನನಗೆ ಸಂಕಟ ಆಗುತ್ತೆ.

ಕೆಲವು ವರ್ಷಗಳ ಹಿಂದೆ ಒಂದು ಚಾನೆಲ್ಲಿನ ಆಡಿಷನ್‌ಗೆ ನನ್ನ ಶಿಷ್ಯೆಯನ್ನು ಕರೆದುಕೊಂಡು ಹೋಗಿದ್ದೆ. ಶಾಲೆಯೊಂದರ ಕಟ್ಟಡ. ಬೆಳಗ್ಗೆ ಏಳಕ್ಕೇ ಸಾಲು ಗೇಟು ದಾಟಿತ್ತು. ನಮ್ಮ ಮುಂದೆ ಆಲೂರು ಕಡೆಯ ಒಬ್ಬರು ಇದ್ದರು. ನಲವತ್ತರ ಮೇಲಿನ ವಯಸ್ಸು. ಶುಂಠಿ ಬೆಳೆಯುತ್ತಾರಂತೆ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಪ್ಲಾಸ್ಟಿಕ್ ಕವರಿನೊಳಗೆ ಹಾಡು ಬರೆದುಕೊಂಡ ನೋಟ್‌ಬುಕ್ಕು. ಊರಿನ ಭಜನೆಯಲ್ಲಿ ಹಾಡುತ್ತಾರೆ, ಊರವರೇ ದುಡ್ಡು ಸೇರಿಸಿ ಕಳಿಸಿದ್ದರು. ಸಾಲಿನಲ್ಲಿ ನಿಂತಾಗ ಮೆಲ್ಲಗೆ ಹಾಡಿ ತೋರಿಸಿದರು. ದನಿಯಲ್ಲಿ ಜೀವ ಇತ್ತು, ಶ್ರುತಿ ನಿಲ್ಲುತ್ತಿರಲಿಲ್ಲ.

ಮೊದಲ ಕೋಣೆಯಲ್ಲಿ ಅವರು ಪಾಸಾದರು. ನನ್ನ ಶಿಷ್ಯೆ ಆಗಲಿಲ್ಲ. ನನಗೆ ಅರ್ಥವಾಗಲಿಲ್ಲ, ಆದರೆ ಪಾಪ, ಅವರಿಗಾದರೂ ಆಯಿತಲ್ಲ ಅಂತ ಸಂತೋಷಪಟ್ಟೆ. ಆಮೇಲೆ ಕ್ಯಾಮೆರಾದವರು ಅವರನ್ನು ಅಂಗಳಕ್ಕೆ ಕರೆದುಕೊಂಡು ಬಂದರು. ತಲೆಗೆ ಟವೆಲ್ ಕಟ್ಟಿಸಿದರು. "ಯಜಮಾನ್ರೇ, ಹಾಡ್ತಾ ಸ್ವಲ್ಪ ಕುಣೀರಿ, ಇನ್ನೂ ಜೋರಾಗಿ" ಅಂದರು. ಅವರು ಭಜನೆಯ ಹಾಡಿಗೆ ಕುಣಿದರು. ಮೂರು ಸಲ ಕುಣಿಸಿದರು. ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು, "ಮೇಡಂ, ನನ್ನ ಹಾಡು ಅವರಿಗೆ ಹಿಡಿಸಿತು ಅಂತ ಕಾಣುತ್ತೆ, ಅಲ್ವಾ?" ಅಂತ ಕೇಳಿದರು. ನಾನು ಹೂಂ ಅಂದೆ.

ಟೀವಿಯಲ್ಲಿ ಬಂದಿದ್ದು ಕೆಲವೇ ಸೆಕೆಂಡು. ಅವರ ದನಿಯ ಮೇಲೆ ಟುಸ್ ಪುಸ್ ಅಂತ ಕಾರ್ಟೂನಿನ ಸದ್ದು. ನಂತರ ತೀರ್ಪುಗಾರರು ತಲೆ ಹಿಡಿದುಕೊಂಡ ಚಿತ್ರ. ಕೋಣೆಯಲ್ಲಿ ಅವರನ್ನು ಒಳ್ಳೆಯ ಗಾಯಕ ಅಂತ ಮುಂದೆ ಕಳಿಸಿರಲಿಲ್ಲ. ನಗೋಕೆ ಒಬ್ಬರು ಬೇಕಿತ್ತು, ಕಳಿಸಿದ್ದರು. ಅದನ್ನು ಅವರಿಗೆ ಒಬ್ಬರೂ ಹೇಳಲಿಲ್ಲ. ಅನುಮಾನ ಬಂದಿದ್ದ ನಾನೂ ಹೇಳಲಿಲ್ಲ. ಆ ಹೂಂ ಇವತ್ತಿಗೂ ನನ್ನನ್ನು ಚುಚ್ಚುತ್ತೆ.

ಹೊಳೆನರಸೀಪುರದ ಹುಡುಗನೂ ಅಪಸ್ವರ ಹಾಡುತ್ತಾನೆ, ಆಲೂರಿನವರೂ ಹಾಡಿದರು. ಜನ ಇಬ್ಬರಿಗೂ ನಕ್ಕರು. ಒಬ್ಬನ ನಗು ಅವನೇ ದುಡಿದು ತೆಗೆದದ್ದು. ಇನ್ನೊಬ್ಬರಿಂದ ಅದನ್ನು ಕದ್ದುಕೊಂಡರು.

ಇದು ನಮ್ಮ ಕಡೆ ಮಾತ್ರ ನಡೆಯೋದಲ್ಲ. ಅಮೆರಿಕನ್ ಐಡಲ್‌ನಂಥ ಕಾರ್ಯಕ್ರಮಗಳಲ್ಲಿ ಸಾವಿರಾರು ಜನ ಬರುತ್ತಾರೆ. ತೀರ್ಪುಗಾರರ ಮುಂದೆ ಹೋಗುವ ಮೊದಲೇ ಕಾರ್ಯಕ್ರಮದವರು ಜರಡಿ ಹಿಡಿದಿರುತ್ತಾರೆ. ಹಾಗಾಗಿ ಹಾಡಲು ಬಾರದವರು ಅಲ್ಲಿವರೆಗೆ ಬಂದು ನಿಂತರೆ, ಯಾರೋ ಬೇಕಂತಲೇ ಬಿಟ್ಟಿದ್ದಾರೆ ಅಂತಲೇ ಅರ್ಥ. 2004ರಲ್ಲಿ ವಿಲಿಯಂ ಹಂಗ್ ಅನ್ನೋ ಎಂಜಿನಿಯರಿಂಗ್ ವಿದ್ಯಾರ್ಥಿ ಅಲ್ಲಿ ಹಾಗೆ ಹಾಡಿ ದೇಶಕ್ಕೆಲ್ಲ ನಗೆಪಾಟಲಾದ. ನನ್ನ ಕೈಲಾದಷ್ಟು ಮಾಡಿದ್ದೇನೆ, ಬೇಜಾರಿಲ್ಲ ಅಂತ ಅಲ್ಲೇ ನಿಂತು ಹೇಳಿದ. ಜನ ಅವನನ್ನು ಮೆಚ್ಚಿಕೊಂಡರು, ಅದೇ ವರ್ಷ ಆಲ್ಬಮ್ ಕೂಡ ಬಂತು. ಅಷ್ಟು ಗಟ್ಟಿ ಮನಸ್ಸು ಎಲ್ಲರಿಗೂ ಇರಲ್ಲ.

2009ರ ಬ್ರಿಟನ್ಸ್ ಗಾಟ್ ಟ್ಯಾಲೆಂಟ್‌ನಲ್ಲಿ ಸ್ಕಾಟ್ಲೆಂಡಿನ ಸೂಸನ್ ಬಾಯ್ಲ್ ವೇದಿಕೆಗೆ ಬಂದಾಗ ಆಕೆಗೆ 47 ವರ್ಷ. ಬಾಯಿ ತೆರೆಯುವ ಮೊದಲೇ ಸಭೆ ಮುಸಿಮುಸಿ ನಗುತ್ತಿತ್ತು. ಹಾಡಿದ ಮೇಲೆ ಎಲ್ಲರೂ ಎದ್ದು ನಿಂತರು. ಆಕೆ ಕೊನೆಗೆ ಎರಡನೇ ಸ್ಥಾನ ಪಡೆದರು. ಈ ವಿಡಿಯೋವನ್ನು ಜನ ಸ್ಫೂರ್ತಿ ಅಂತ ಹಂಚುತ್ತಾರೆ. ನನಗೆ ಮಾತ್ರ ಆ ಮೊದಲಿನ ನಗುವೇ ಕಣ್ಣಿಗೆ ಕಟ್ಟುತ್ತೆ. ಆಕೆಗೆ ಹಾಡಲು ಬರದೇ ಇದ್ದಿದ್ದರೆ?

ಜಾಸ್ತಿ ಜನ ಕೇಳೋದು, ಮೊದಲೇ ಹೇಳಿಕೊಟ್ಟು ಮಾಡಿಸಿದರೆ ಮೋಸ ಅಲ್ವಾ ಅಂತ. ಹೇಳಿಕೊಡೋದರಲ್ಲಿ ಮೋಸ ಇಲ್ಲ. ನಾನು ನನ್ನ ಶಿಷ್ಯರಿಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತಲೂ ಹೇಳಿಕೊಟ್ಟೇ ಕಳಿಸುತ್ತೇನೆ. ಮುಚ್ಚಿಟ್ಟರೆ ಮೋಸ. ಅದೇ ಬ್ರಿಟನ್ನಿನ ಕಾರ್ಯಕ್ರಮದಲ್ಲಿ 2015ರಲ್ಲಿ ಜೂಲ್ಸ್ ಓಡ್ವಯರ್ ಅನ್ನುವವರು ಮಟೀಸ್ ಎಂಬ ನಾಯಿಯ ಜೊತೆ ಗೆದ್ದರು. ಬಹುಮಾನ ಎರಡೂವರೆ ಲಕ್ಷ ಪೌಂಡ್. ಫೈನಲ್ಲಿನಲ್ಲಿ ಹಗ್ಗದ ಮೇಲೆ ನಡೆದದ್ದು ಮಟೀಸ್ ಅಲ್ಲ, ಅವರದ್ದೇ ಇನ್ನೊಂದು ನಾಯಿ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಪ್ರಸಾರದ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆ, ನೋಡುಗರನ್ನು ದಾರಿ ತಪ್ಪಿಸಲಾಗಿದೆ ಅಂತ ತೀರ್ಮಾನ ಕೊಟ್ಟಿತು. ಫೋನ್ ಮಾಡಿ ವೋಟ್ ಹಾಕಿದವರಿಗೆ ದುಡ್ಡು ವಾಪಸ್ ಕೊಡಲು ಚಾನೆಲ್ ಒಪ್ಪಿತು. ನಾಯಿ ಯಾಕೆ ಬಂತು ಅಂತ ಅಲ್ಲಿ ಯಾರೂ ತಕರಾರು ಮಾಡಲಿಲ್ಲ. ಎರಡು ನಾಯಿ ಅಂತ ಮೊದಲೇ ಹೇಳಿದ್ದರೆ ಜನ ಎರಡಕ್ಕೂ ಚಪ್ಪಾಳೆ ಹೊಡೆಯುತ್ತಿದ್ದರು.

ಇದಕ್ಕೆ ಪೂರ್ತಿ ಉಲ್ಟಾ ಒಂದು ಕಾರ್ಯಕ್ರಮ ಇತ್ತು. ಅಮೆರಿಕದಲ್ಲಿ 1976ರಲ್ಲಿ ಚಕ್ ಬ್ಯಾರಿಸ್ ಶುರು ಮಾಡಿದ ಗಾಂಗ್ ಶೋ. ಹೆಸರೇ ಜಾಗಟೆ. ತೀರ್ಪುಗಾರರಿಗೆ ಸಾಕು ಅನ್ನಿಸಿದರೆ ಜಾಗಟೆ ಬಾರಿಸುತ್ತಾರೆ, ಐಟಂ ಅಲ್ಲಿಗೆ ಬಂದ್. ತಲೆಗೆ ಪೇಪರ್ ಚೀಲ ಹಾಕಿಕೊಂಡು ಜೋಕ್ ಹೇಳುವವನೊಬ್ಬ ಬರುತ್ತಿದ್ದ. ಬಹುಮಾನ 516 ಡಾಲರ್ 32 ಸೆಂಟ್. ಆ ಚಿಲ್ಲರೆ ಮೊತ್ತ ಕೇಳಿದರೇ ಗೊತ್ತಾಗುತ್ತೆ, ಇದು ಆಟ, ಎಲ್ಲರೂ ಸೇರಿ ಆಡೋಣ ಅಂತ. ಹೀಗೆ ಇದ್ದರೆ ನನ್ನ ತಕರಾರಿಲ್ಲ.

ನಮ್ಮ ಮಕ್ಕಳ ಅವಕಾಶ ತಪ್ಪಿಹೋಗುತ್ತೆ ಅನ್ನೋ ಭಯ ತಾಯಂದಿರಿಗೆ. ಹಾಸ್ಯಕ್ಕೆ ಬೇರೆ ಸಮಯ, ಬೇರೆ ಅಂಕ ಇಟ್ಟರೆ ಆ ಭಯಕ್ಕೆ ಕಾರಣವೇ ಇರಲ್ಲ. ಒಂದೇ ತಕ್ಕಡಿಯಲ್ಲಿ ತೂಗಿದಾಗ ಇಬ್ಬರಿಗೂ ಅನ್ಯಾಯ.

ಕುರಿಗಾಹಿ ಹನುಮಂತನ ಬಗ್ಗೆಯೂ ಕೇಳುತ್ತಾರೆ. ಹಾವೇರಿ ಜಿಲ್ಲೆಯ ಆ ಹುಡುಗ ಸರಿಗಮಪಕ್ಕೆ ಬಂದಾಗ, ಇವನನ್ನು ಬಟ್ಟೆ ನೋಡಿ, ಕಥೆ ನೋಡಿ ತಂದಿದ್ದಾರೆ ಅಂತ ನಮ್ಮ ಸಂಗೀತದವರೇ ಮೂಗು ಮುರಿದಿದ್ದರು. ನಾನು ಒಪ್ಪಲಿಲ್ಲ. ಅವನು ಪಂಚೆ ಉಟ್ಟಿದ್ದು ಅವನ ಊರಲ್ಲಿ ಉಡುವಂತೆಯೇ. ಜನಪದ ಹಾಡು ಎತ್ತಿದರೆ ದನಿ ಬಯಲಿಗೆ ಬಿಟ್ಟಂತೆ ಇರುತ್ತಿತ್ತು. 15ನೇ ಸೀಸನ್ನಿನಲ್ಲಿ ರನ್ನರ್ ಅಪ್ ಆದ. 2025ರ ಜನವರಿಯಲ್ಲಿ ಬಿಗ್ ಬಾಸ್ ಕೂಡ ಗೆದ್ದ. ವೇಷ ಅಂತ ನಾವು ಅಂದುಕೊಂಡಿದ್ದು ವೇಷವೇ ಆಗಿರಲಿಲ್ಲ.

ಮಕ್ಕಳ ವಿಷಯದಲ್ಲಿ ನಾನು ಇನ್ನೂ ಬಿಗಿ. ಆರು ವರ್ಷದ ಮಗುವಿಗೆ ಹೆಂಡತಿ ಗಂಡನ ಜೋಕು ಬಾಯಿಪಾಠ ಮಾಡಿಸಿದರೆ, ತಾನು ಏನು ಹೇಳುತ್ತಿದ್ದೇನೆ ಅಂತ ಆ ಮಗುವಿಗೆ ಗೊತ್ತಿರಲ್ಲ. ದೊಡ್ಡವರ ಸಿನಿಮಾ ಹೆಜ್ಜೆಗಳನ್ನು ಮಕ್ಕಳಿಂದ ಮಾಡಿಸಬೇಡಿ ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆಯೇ 2019ರ ಜೂನ್‌ನಲ್ಲಿ ಚಾನೆಲ್‌ಗಳಿಗೆ ಹೇಳಬೇಕಾಗಿ ಬಂತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ಎದೆ ತುಂಬಿ ಹಾಡುವೆನು ನೆನಪಾಗುತ್ತೆ. ಮಗು ಎಡವಿದರೆ ಅವರು ನಗುನಗುತ್ತಲೇ ಆ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ನಟನಿಗೆ ತಕ್ಕ ಹಾಗೆ ದನಿ ಬದಲಿಸಿ ಹಾಡಬಲ್ಲವರು ಅವರು, ತಮಾಷೆ ಅವರಿಗೆ ಬೇಕಾದಷ್ಟು ಗೊತ್ತಿತ್ತು. ಅದನ್ನು ಮಗುವಿನ ತಪ್ಪಿನ ಮೇಲೆ ಖರ್ಚು ಮಾಡುತ್ತಿರಲಿಲ್ಲ.

ಈಗ ಯಾರಾದರೂ ಆಡಿಷನ್‌ಗೆ ಹೊರಟರೆ, ಅವರು ಕೊಡುವ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಸಹಿ ಹಾಕಿ ಅನ್ನುತ್ತೇನೆ. ಚಿತ್ರವನ್ನು ಹೇಗೆ ಬೇಕಾದರೂ ಕತ್ತರಿಸಿ ಬಳಸಬಹುದು ಅಂತ ಬರೆದಿದೆಯಾ ನೋಡಿ. ಕುಣೀರಿ, ಟವೆಲ್ ಕಟ್ಟಿ ಅಂದರೆ, "ಇದು ಹಾಡಿಗೋ, ನಗೋಕೋ?" ಅಂತ ನೇರವಾಗಿ ಕೇಳಿ. ನಗೋಕೆ ಅಂದರೆ, ನಿಮಗೆ ಇಷ್ಟ ಇದ್ದರೆ ಮಾಡಿ, ಮನಸ್ಸಿಟ್ಟು ಮಾಡಿ. ಇಷ್ಟ ಇಲ್ಲದಿದ್ದರೆ ನೋಟ್‌ಬುಕ್ಕು ತಗೊಂಡು ಬಸ್ಸು ಹತ್ತಿ.

ಹೊಳೆನರಸೀಪುರದ ಹುಡುಗ ಮುಂದಿನ ವಾರ ಒಂದು ಆಡಿಷನ್‌ಗೆ ಹೋಗುತ್ತಿದ್ದಾನೆ. ಮೊನ್ನೆ ಫಾರ್ಮ್ ತಂದು ನನ್ನ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಇಟ್ಟುಕೊಂಡು ತುಂಬಿದ. ವಿಭಾಗ ಅನ್ನೋ ಕಡೆ ಶಾಸ್ತ್ರೀಯ, ಸುಗಮ, ಜನಪದ, ಚಿತ್ರಗೀತೆ ಅಂತ ನಾಲ್ಕೇ ಚೌಕ ಇತ್ತು. ಯಾವುದಕ್ಕೂ ಗುರುತು ಹಾಕಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ದುಂಡಗೆ ಹಾಸ್ಯ ಗಾಯನ ಅಂತ ಬರೆದ. ಆಮೇಲೆ ಶ್ರುತಿ ಹಾಕಿ ಅಂದ, ಗಾಂಧಾರ ಇನ್ನೊಂದು ಸಲ ನೋಡಬೇಕಿತ್ತಂತೆ.