ನಾಟಕದ ಕೋಣೆಯಲ್ಲಿ ಶಂಕರ್ ನಾಗ್

ನಾನು ಈ ಕಾಲೇಜಿಗೆ ಪಿಯುಸಿಗೆ ಸೇರಿದ್ದು 1986ರಲ್ಲಿ, ಬಿ.ಕಾಂ. ಮುಗಿಸಿ ಹೊರಬಿದ್ದದ್ದು 1991ರಲ್ಲಿ. ಆಗ ಉಡುಪಿಯಲ್ಲಿ ಓದುತ್ತಿದ್ದ ನಾಲ್ಕು ಹುಡುಗರನ್ನು ನಿಲ್ಲಿಸಿ ಯಾವ ನಟ ಇಷ್ಟ ಅಂತ ಕೇಳಿದರೆ ಚರ್ಚೆ ಜಗಳಕ್ಕೇ ಹೋಗುತ್ತಿತ್ತು. ರಾಜ್‌ಕುಮಾರ್ ಅನ್ನುವವರು ಒಂದು ಕಡೆ, ವಿಷ್ಣುವರ್ಧನ್ ಅನ್ನುವವರು ಇನ್ನೊಂದು ಕಡೆ. ಯಕ್ಷಗಾನ ಬಿಟ್ಟರೆ ಬೇರೇನೂ ನೋಡದವರೂ ಇದ್ದರು. ಶಂಕರ್ ನಾಗ್ ಹೆಸರಿಗೆ ಮಾತ್ರ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಅವರು ನಮ್ಮ ಕಾಲೇಜಿಗೆ ಬಂದವರಲ್ಲ, ನಾನು ಅವರನ್ನು ಕಣ್ಣಾರೆ ಕಂಡವನೂ ಅಲ್ಲ. ಆದರೂ ಕಾಲೇಜಿನ ನೆನಪು ಬರೆಯಿರಿ ಅಂದಾಗ ನನಗೆ ಮೊದಲು ಹೊಳೆದದ್ದು ಅವರೇ. ನಮ್ಮ ನಾಟಕದ ಕೋಣೆಯಲ್ಲಿ ಅವರ ಮಾತು ಬಾರದ ಸಂಜೆ ಇರಲಿಲ್ಲ.

ಅವರು ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದ ಕಡೆಯ ಮಲ್ಲಾಪುರದಲ್ಲಿ. ಮನೆಮಾತು ಕೊಂಕಣಿ. ನಮ್ಮ ಕ್ಲಾಸಿನ ಕೊಂಕಣಿ ಹುಡುಗರಿಗೆ ಇಷ್ಟೇ ಸಾಕಿತ್ತು. "ಅವ ನಮ್ಮವ ಮಾರಾಯ" ಅಂತ ಎದೆಯುಬ್ಬಿಸುತ್ತಿದ್ದರು. ಅವರು ಮುಂಬೈಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಮುಂದೆ ಅವರ ಹೆಂಡತಿಯಾದ ಅರುಂಧತಿಯವರ ಪರಿಚಯ ಆದದ್ದೂ ಅಲ್ಲೇ. ಉಡುಪಿಯಲ್ಲಿ ಮುಂಬೈಗೆ ಹೋದ ಒಬ್ಬ ಅಣ್ಣನೋ ಮಾವನೋ ಇಲ್ಲದ ಮನೆ ಕಡಿಮೆ. ಹೋಟೆಲಿಗೆ ಹೋದವರಿದ್ದರು, ಬ್ಯಾಂಕಿಗೆ ಹೋದವರಿದ್ದರು. ಅಲ್ಲಿಗೆ ಹೋಗಿ ನಾಟಕ ಕಲಿತು ಬರಬಹುದು ಅನ್ನುವುದು ನಮಗೆ ಹೊಸ ಸುದ್ದಿ.

1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಬಂತು. ಅದರಲ್ಲಿ ಶಂಕರ್ ಕೂಲಿಗೆ ಕಾದಾಡುವ ಸೈನಿಕ. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಅಂಥ ನಟ ಎರಡೇ ವರ್ಷದಲ್ಲಿ 'ಆಟೋ ರಾಜ' ಆಗಿ ಗಾಂಧಿ ಕ್ಲಾಸಿನವರ ಕಣ್ಮಣಿಯಾದರು. ಉಡುಪಿಯ ರಿಕ್ಷಾಗಳ ಹಿಂದೆ ಅವರ ಚಿತ್ರ ನೋಡಿಕೊಂಡೇ ನಾವು ಕಾಲೇಜಿಗೆ ನಡೆಯುತ್ತಿದ್ದೆವು.

ನಾಟಕದ ಜವಾಬ್ದಾರಿ ನಮ್ಮ ಕನ್ನಡ ಸರ್ ಅವರದ್ದು. ಶಂಕರ್ ಮತ್ತು ಅರುಂಧತಿ ಕಟ್ಟಿದ 'ಸಂಕೇತ್' ತಂಡದ ನಾಟಕಗಳನ್ನು ಅವರು ಬೆಂಗಳೂರಿನಲ್ಲಿ ನೋಡಿ ಬಂದಿದ್ದರು. ಪಾರ್ಟು ಸಿಕ್ಕಿದ ಹುಡುಗರು ಡೈಲಾಗ್ ಮಾತ್ರ ಬಾಯಿಪಾಠ ಮಾಡಿಕೊಂಡು ಬಂದರೆ ಸರ್‌ಗೆ ಸಿಟ್ಟು ಬರುತ್ತಿತ್ತು. "ಶಂಕರ್ ನಾಗ್ ಹೀರೋ ಹೌದು. ಆದ್ರೆ ಲೈಟ್ ಎಲ್ಲಿಡ್ಬೇಕು ಅಂತ್ಲೂ ಅವರಿಗೆ ಗೊತ್ತುಂಟು. ನಿಮಗೆ ಎಂತ ಗೊತ್ತುಂಟು?" ಅನ್ನುತ್ತಿದ್ದರು. ಹಾಗಾಗಿ ನಾಯಕನ ಪಾರ್ಟು ಮಾಡುವವನೂ ಡಿಮ್ಮರ್ ಹತ್ತಿರ ಕೂತು ಕೆಲಸ ಕಲಿಯಲೇಬೇಕು.

ಆ ಡಿಮ್ಮರ್ ಬಗ್ಗೆ ಹೇಳಬೇಕು. ಈಗಿನ ಮಕ್ಕಳು ಅದನ್ನು ನೋಡಿರಲಿಕ್ಕಿಲ್ಲ. ಅಂಗಡಿಯಿಂದ ತರುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಉಪ್ಪಿನಕಾಯಿಯ ದೊಡ್ಡ ಭರಣಿಯಲ್ಲಿ ಉಪ್ಪುನೀರು ತುಂಬಿಸಿ, ತಳದಲ್ಲಿ ಒಂದು ಲೋಹದ ತಗಡು ಇಟ್ಟು, ಮೇಲಿನಿಂದ ಇನ್ನೊಂದನ್ನು ಹಗ್ಗದಲ್ಲಿ ಇಳಿಬಿಡುವುದು. ಕರೆಂಟು ನೀರಿನ ಮೂಲಕ ಹಾಯಬೇಕು. ಮೇಲಿನ ತಗಡು ಕೆಳಗಿಳಿದಂತೆ ರಂಗದ ಬೆಳಕು ಏರುತ್ತದೆ, ಮೇಲೆತ್ತಿದರೆ ಮಂಕಾಗುತ್ತದೆ. ನಾಟಕ ಅರ್ಧಕ್ಕೆ ಬರುವಾಗ ನೀರು ಬಿಸಿಯಾಗಿ ಆವಿ ಏಳುತ್ತಿತ್ತು. ಒಣ ಹಲಗೆಯ ಮೇಲೆ ನಿಂತೇ ಹಗ್ಗ ಹಿಡಿಯಬೇಕು, ಒದ್ದೆ ಕೈಯಲ್ಲಿ ಯಾರೂ ಹತ್ತಿರ ಸುಳಿಯಕೂಡದು. ಅಪಾಯದ ಕೆಲಸವೇ. ಸರ್ ಅಲ್ಲಿಂದ ಕದಲುತ್ತಿರಲಿಲ್ಲ. ಸಾಯುವ ದೃಶ್ಯದಲ್ಲಿ ಬೆಳಕು ಎಷ್ಟು ಮೆಲ್ಲಗೆ ಇಳಿಯಬೇಕು ಅಂತ ಹಗ್ಗ ಹಿಡಿದವನಿಗೆ ಗೊತ್ತಾಗುತ್ತದೆ ನೋಡಿ, ಆಮೇಲೆ ರಂಗದ ಮೇಲೆ ಸಾಯುವಾಗ ಅವನು ಅವಸರ ಮಾಡುವುದಿಲ್ಲ.

ಶಂಕರ್ ನಿರ್ದೇಶಿಸಿದ ಟಿವಿ ಧಾರಾವಾಹಿ 'ಮಾಲ್ಗುಡಿ ಡೇಸ್' ಬಂದಾಗ ನಾನು ಪಿಯುಸಿ. ಟಿವಿ ಇದ್ದ ಮನೆಯ ಚಾವಡಿಯಲ್ಲಿ ಕೂತು ನೋಡುವುದು. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಆದರೆ ಹಂಚಿನ ಮಾಡು, ಮರದ ಕಂಬ, ಬಿಡದೆ ಸುರಿಯುವ ಮಳೆ, ಎಲ್ಲ ನಮ್ಮದೇ ಅಲ್ವಾ! ಆರ್.ಕೆ. ನಾರಾಯಣರ ಕಲ್ಪನೆಯ ಊರನ್ನು ಶಂಕರ್ ಆಗುಂಬೆಯಲ್ಲಿ ಹುಡುಕಿಕೊಂಡಿದ್ದರು. ನಮಗೆ ಆಗುಂಬೆ ಅಂದರೆ ಸೂರ್ಯಾಸ್ತ ನೋಡುವ ಜಾಗ, ಅಷ್ಟೇ. ಧಾರಾವಾಹಿ ನೋಡಿದ ಮೇಲೆ ನಾಟಕದ ತಂಡದವರೆಲ್ಲ ಮಿನಿ ಬಸ್ಸಿನಲ್ಲಿ ಘಾಟಿಯ 14 ತಿರುವು ಹತ್ತಿ ಹೋದೆವು. ಆ ಸಲ ಸೂರ್ಯಾಸ್ತದ ಗೊಡವೆಗೇ ಹೋಗಲಿಲ್ಲ. ಚಿತ್ರೀಕರಣ ನಡೆದ ದೊಡ್ಡಮನೆಯಲ್ಲಿ ಕಥೆಯ ಹುಡುಗ ಸ್ವಾಮಿ ಎಲ್ಲಿ ಕೂತಿದ್ದ, ಕ್ಯಾಮೆರಾ ಎಲ್ಲಿ ಇಟ್ಟಿರಬಹುದು, ಬೆಳಕು ಯಾವ ಕಡೆಯಿಂದ ಬಂದಿರಬೇಕು ಅಂತ ಹುಡುಕಿದ್ದೇ ಹುಡುಕಿದ್ದು. ಆ ಮನೆಯವರು ಬೇಸರಿಸದೆ ಎಲ್ಲ ತೋರಿಸಿದರು.

ಸೂಕ್ಷ್ಮ ಅಭಿನಯದಲ್ಲಿ ಅಣ್ಣ ಅನಂತ್ ನಾಗ್ ಒಂದು ಕೈ ಮೇಲೆ ಅಂತಲೇ ನನ್ನ ಅಭಿಪ್ರಾಯ. ಶಂಕರ್ ಅವರ ಸಿನಿಮಾಗಳಲ್ಲಿ ಎಷ್ಟೋ ಸಾಧಾರಣವಾದವು. ಆದರೆ ಆ ಹೊಡೆದಾಟದ ಸಿನಿಮಾಗಳನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ಈಗಲೂ ತಡೆಯುವುದಿಲ್ಲ. ಅದೇ ವರ್ಷಗಳಲ್ಲಿ ಆ ಮನುಷ್ಯ ನಾಟಕ ತಂಡ ನಡೆಸಿದರು. ಸಿನಿಮಾದವರು ರೆಕಾರ್ಡಿಂಗಿಗೆ ಮದ್ರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸ್ಟುಡಿಯೋ ಕಟ್ಟಿದರು. 1980ರಲ್ಲಿ 'ಮಿಂಚಿನ ಓಟ', 1985ರಲ್ಲಿ 'ಆ್ಯಕ್ಸಿಡೆಂಟ್' ನಿರ್ದೇಶಿಸಿದರು. ಎರಡನೆಯದರಲ್ಲಿ ಹಾಡಿಲ್ಲ. ದೊಡ್ಡವರ ಮಗ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹರಿಸುತ್ತಾನೆ, ಅದನ್ನು ಮುಚ್ಚಿಹಾಕುವ ಆಟ ಶುರುವಾಗುತ್ತದೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಒಂದಕ್ಕಾಗಿ ಇನ್ನೊಂದನ್ನು ಅವರು ಬಿಡಲಿಲ್ಲ. ನಮ್ಮ ಕಾಲೇಜಿನ ಎಲ್ಲ ಗುಂಪಿಗೂ ಅವರು ಬೇಕಾದದ್ದು ಅದಕ್ಕೇ.

1990ರ ಸೆಪ್ಟೆಂಬರ್ 30, ಆದಿತ್ಯವಾರ. ಚಿತ್ರೀಕರಣಕ್ಕೆ ಹೋಗುವಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಗಿ ಅವರು ತೀರಿಕೊಂಡರು. ಇನ್ನೂ 35 ವರ್ಷ. ಸಿನಿಮಾಕ್ಕೆ ಬಂದು 12 ವರ್ಷ, ಅಷ್ಟರಲ್ಲಿ 80ಕ್ಕೂ ಜಾಸ್ತಿ ಸಿನಿಮಾ. ಸುದ್ದಿ ಸುಳ್ಳಿರಬೇಕು ಅಂದುಕೊಂಡು ನಾವು ಪೇಟೆಗೆ ಹೋದರೆ, ಬಸ್‌ಸ್ಟ್ಯಾಂಡಿನ ಹತ್ತಿರ ರಿಕ್ಷಾದವರು ಆಗಲೇ ಫೋಟೋಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚಿದ್ದರು. ಕನ್ನಡ ಸರ್ ಕೂಡ ಅಲ್ಲಿಗೆ ಬಂದಿದ್ದರು. ಅವರು ಒಬ್ಬ ಸಿನಿಮಾ ನಟನಿಗಾಗಿ ಅತ್ತದ್ದನ್ನು ನಾನು ಕಂಡದ್ದು ಅಂದು ಮಾತ್ರ.

ಅದೇ ಅಪಘಾತದಲ್ಲಿ ಗಾಯಗೊಂಡಿದ್ದ ಅರುಂಧತಿ ನಾಗ್ ಮತ್ತೆ ಎದ್ದು ನಿಂತರು. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಅವರು ಕಟ್ಟಿದ ರಂಗಮಂದಿರ 'ರಂಗ ಶಂಕರ' ಬಾಗಿಲು ತೆರೆಯಿತು. ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗೆಲ್ಲ ನಾನು ಅಲ್ಲಿಗೆ ಹೋಗುತ್ತೇನೆ. ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ತಡವಾಗಿ ಬಂದವರು ಯಾರೇ ಆದರೂ ಒಳಗೆ ಬಿಡುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಈ ಕಟ್ಟುನಿಟ್ಟು.

ನಮ್ಮ ಕಾಲೇಜಿನಲ್ಲಿ ಈಗ ಒಳ್ಳೆಯ ಲೈಟುಗಳಿವೆ, ಒಳ್ಳೆಯ ಸಭಾಂಗಣವಿದೆ. ಹೋದ ವಾರ್ಷಿಕೋತ್ಸವಕ್ಕೆ ಬಂದಿದ್ದಾಗ ನಾಟಕದ ಹುಡುಗ ಹುಡುಗಿಯರ ಹತ್ತಿರ ಮಾತಾಡಿದೆ. ಅವರಲ್ಲಿ ಯಾರೂ 'ಆ್ಯಕ್ಸಿಡೆಂಟ್' ನೋಡಿರಲಿಲ್ಲ. ಮಕ್ಕಳೇ, ಈ ರಜೆಯಲ್ಲಿ ಒಟ್ಟಿಗೆ ಕೂತು ನೋಡಿ. ಮುಗಿದ ಮೇಲೆ ನನಗೊಂದು ಫೋನ್ ಮಾಡಿ, ನಾನು ಬರುತ್ತೇನೆ. ಮಾತಾಡೋಣ.