ಕುಂಬಳೆಯಿಂದ ಕಾಂಬೋಡಿಯಾಕ್ಕೆ

ನಮ್ಮ ಇಗರ್ಜಿಯ ಯುವಕರ ಗುಂಪಿನಿಂದ ಆರು ಜನ ಕಾಂಬೋಡಿಯಾದ ಬಟ್ಟಂಬಾಂಗ್ ಹತ್ತಿರದ ಹಳ್ಳಿಯೊಂದರಲ್ಲಿ ಇಂಗ್ಲಿಷ್ ಕ್ಯಾಂಪ್ ನಡೆಸಿ ಬಂದೆವು. ಪ್ರಯಾಣದ ಕಥೆ ಬಿಡಿ, ಮಕ್ಕಳ ಬಗ್ಗೆ ಹೇಳಬೇಕು.

ಮೊದಲ ದಿನ ಮಕ್ಕಳು ಕೈಮುಗಿದು ನಿಂತರು, ಥೇಟ್ ನಮ್ಮ ನಮಸ್ಕಾರದ ಹಾಗೆ. ಪದದ ಕೊನೆಯ 'ಸ್' ಅವರಿಗೆ ಕಷ್ಟ. 'ಹೌಸ್' ಅಂದರೆ 'ಹೌ' ಅಂತ ನಿಲ್ಲಿಸುತ್ತಿದ್ದರು. ಹಾವಿನ ಆಟ ಆಡಿಸಿ, ಎಲ್ಲರೂ ಬುಸ್ಸೆಂದು, ಕೊನೆಗೆ ಒಬ್ಬ ಪುಟ್ಟ ಹುಡುಗಿ 'ಹೌಸ್' ಅಂತ ಸರಿಯಾಗಿ ಹೇಳಿದಾಗ ನನ್ನ ಕಣ್ಣು ತುಂಬಿತು.

ಒಂದು ಮಧ್ಯಾಹ್ನ ಅವಳೇ ನನಗೆ ಅವರ ಭಾಷೆ ಖ್ಮೇರ್‌ನ ಅಕ್ಷರ ಕಲಿಸಲು ಕೂತಳು. 33 ವ್ಯಂಜನ. ಕ, ಖ ಅಂತ ಶುರುವಾಗಿ ಙ ಬಂದಾಗ ಮೈ ಜುಮ್ಮೆಂದಿತು, ಯಾಕೆಂದರೆ ಅದು ನಮ್ಮ ವರ್ಣಮಾಲೆಯ ಅದೇ ಸಾಲು! ಅವರ ಲಿಪಿಗೂ ನಮ್ಮ ಲಿಪಿಗೂ ಬೇರು ಬ್ರಾಹ್ಮಿಯೇ ಅಲ್ವಾ. ನಾನು ಪಕ್ಕದಲ್ಲಿ ಕನ್ನಡದಲ್ಲಿ ಬರೆದು ತೋರಿಸಿದೆ. ಅವಳು ಬೆರಳಿಟ್ಟು ಓದಿದಳು.

ಕಾಸರಗೋಡಿನವರಿಗೆ ಇದು ಜಾಸ್ತಿ ತಟ್ಟುತ್ತದೆ ಅನ್ನಿಸುತ್ತದೆ. 1956ರಲ್ಲಿ ನಮ್ಮೂರು ಕೇರಳಕ್ಕೆ ಸೇರಿತು. ನಾನು ಮನೆಯಲ್ಲಿ ಕೊಂಕಣಿ, ನೆರೆಯವರ ಜೊತೆ ತುಳು, ಪೇಟೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ ಆಡಿಕೊಂಡು ಬೆಳೆದವಳು. ಹಾಗಾಗಿ ಅಲ್ಲಿ ಇಂಗ್ಲಿಷ್ ಕಲಿಸುವಾಗ 'ಖ್ಮೇರ್ ಮಾತಾಡಬೇಡಿ' ಅನ್ನೋದಕ್ಕೆ ನಾನು ಒಪ್ಪಲೇ ಇಲ್ಲ. ಪ್ರತಿ ಹೊಸ ಪದಕ್ಕೂ ಅವರ ಪದ ಕೇಳಿ ಬೋರ್ಡಿನಲ್ಲಿ ಬರೆಸಿದೆ.

ಅವಳು ಬರೆದುಕೊಟ್ಟ ಹಾಳೆ ಈಗ ನನ್ನ ಬೈಬಲಿನೊಳಗಿದೆ.